ಕ್ಲೀವ್ ಮಾವ ಬೆಲ್ಟು ಕಟ್ಟುತ್ತಿರಲಿಲ್ಲ

ಕಾಟನ್‌ವುಡ್ ಎಂಬ ಕುಣಿತದ ಹಾಲ್‌ನ ಶನಿವಾರದ ಬ್ಯಾಂಡಿನಲ್ಲಿ ಗಿಟಾರಿನ ಜಾಗ ಖಾಲಿಯಾಗುವುದು ಗ್ರಹಣ ಹಿಡಿದಷ್ಟೇ ಅಪರೂಪ. ವೆಂಡಲ್ ಮುದುಕನ ಬೆರಳ ಗಂಟುಗಳು ಊದಿಕೊಂಡು, ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುವ ಸ್ಥಿತಿ ಬಂದಾಗ ಅದು ಖಾಲಿಯಾಯಿತು. ಸುದ್ದಿ ಬೇಕರ್ಸ್‌ಫೀಲ್ಡಿನ ಸ್ಕೂಲ್ ಬಸ್ಸುಗಳ ಡಿಪೋ ಮುಟ್ಟಿದ ದಿನವೇ ಮರ್ಲೀನ್ ಹ್ಯಾಚರ್ ತೀರ್ಮಾನ ಮಾಡಿಬಿಟ್ಟಳು. ಆ ಜಾಗ ತನ್ನದು. ಬೇರೆಯವರಿಗೆ ಆ ವಿಷಯ ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ಮರ್ಲೀನಳಿಗೆ ಐವತ್ತೊಂದು ವರ್ಷ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಸುರಿದು, ಮಧ್ಯಾಹ್ನ ಮತ್ತೆ ಬಾಚಿಕೊಂಡು ಮನೆಮನೆಗೆ ಹಂಚುವುದು ಅವಳ ಕೆಲಸ. ನಡುವಿನ ಹೊತ್ತಿನಲ್ಲಿ ಹಳದಿ ಬಸ್ಸನ್ನು ಕರ್ನ್ ನದಿಯ ದಂಡೆಯಲ್ಲಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕೂತು ಗಿಟಾರ್ ನುಡಿಸುತ್ತಾಳೆ. ಅವಳಿಗೆ ಅದನ್ನು ಕಲಿಸಿದವನು ತಾಯಿಯ ತಮ್ಮ ಕ್ಲೀವ್ ಮಾವ. ವಾರವೆಲ್ಲ ಎಣ್ಣೆ ಬಾವಿಗಳಲ್ಲಿ ದುಡಿದು, ಶನಿವಾರ ಕುಣಿತದ ಹಾಲ್‌ಗಳಲ್ಲಿ ನುಡಿಸಿ, ಭಾನುವಾರ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಮನುಷ್ಯ. ಅವನು ಸತ್ತು ಮೂವತ್ತು ವರ್ಷವಾಯಿತು. ಅವನ ಗಿಟಾರ್ ಯಾರ ಪಾಲಾಯಿತೋ ಯಾರಿಗೂ ಗೊತ್ತಿಲ್ಲ.

ಮರ್ಲೀನಳ ಬಳಿ ಇದ್ದದ್ದು ಕೆಂಪು ಬಣ್ಣದ, ಮುಖ ನೋಡಿಕೊಂಡು ತಲೆ ಬಾಚಬಹುದಾದಂಥ ಗಿಟಾರ್. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಗಂಡ ಡ್ವೇನ್ ಕೊಡಿಸಿದ್ದು. ಬುಧವಾರ ಯಾರು ಬೇಕಾದರೂ ಬಂದು ನುಡಿಸಬಹುದಾದ ಸಂಜೆ, ಅವಳು ಅದನ್ನು ಹೊತ್ತು ಹಾಲ್‌ಗೆ ಹೋದಾಗಲೆಲ್ಲ ಬ್ಯಾಂಡಿನ ಯಜಮಾನ ಡಾಯ್ಲ್ ಸ್ಯಾಟರ್‌ಫೀಲ್ಡ್ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದ.

"ಹುಷಾರು ಕಣ್ರಪ್ಪಾ, ಕಣ್ಣು ಕುಕ್ಕುತ್ತೆ. ಬೆಲೆ ಚೀಟಿ ಕಿತ್ತಿದೀಯೇನಮ್ಮಾ, ಇಲ್ಲಾ ಇನ್ನೂ ನೇತಾಡ್ತಿದೆಯಾ?"

ಡಾಯ್ಲ್‌ಗೆ ಎಪ್ಪತ್ತನಾಲ್ಕು. ಕೂತು ನುಡಿಸುವ, ಕಾಲಲ್ಲಿ ಪೆಡಲ್ ಒತ್ತುವ ಸ್ಟೀಲ್ ಗಿಟಾರ್ ಅವನದು. ಅವನ ಬ್ಯಾಂಡಿನಲ್ಲಿ ಎರಡು ಪದ್ಧತಿಗಳಿದ್ದವು. ಒಂದು, ಹೊಸಬನು ಸೇರಲು ಬಂದರೆ ಅವನ ಗಿಟಾರನ್ನು ಮೊದಲು ಎಲ್ಲರೂ ಕೈಯಿಂದ ಕೈಗೆ ದಾಟಿಸಿ, ಸಂತೆಯಲ್ಲಿ ಕುದುರೆಯ ಹಲ್ಲು ನೋಡಿದ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುವುದು. ಎಲ್ಲಿ ಸವೆದಿದೆ, ಎಲ್ಲಿ ಪೆಟ್ಟು ಬಿದ್ದಿದೆ, ಇದು ಎಷ್ಟು ಶನಿವಾರ ಕಂಡಿದೆ ಎಂದು ಅದರ ಮೈಮೇಲೆ ಓದುವುದು. ಇನ್ನೊಂದು, ಹಾಡು ಯಾವ ಶ್ರುತಿಯಲ್ಲಿ ಎಂಬುದನ್ನು ಡಾಯ್ಲ್ ಬ್ಯಾಂಡಿನವರಿಗೆ ಬಾಯಿಬಿಟ್ಟು ಹೇಳುವುದಿಲ್ಲ, ಬೆರಳು ತೋರಿಸುತ್ತಾನೆ. ಮೇಲಕ್ಕೆ ಮೂರು ಬೆರಳೆಂದರೆ ಒಂದು ಶ್ರುತಿ, ಕೆಳಕ್ಕೆ ಎರಡೆಂದರೆ ಇನ್ನೊಂದು. ಹೊರಗಿನವರಿಗಾದರೆ ಮಾತ್ರ ಬಾಯಲ್ಲಿ ಹೇಳುತ್ತಾನೆ, ನೆಂಟರಿಗೆ ಬಚ್ಚಲು ಎಲ್ಲಿದೆ ಎಂದು ತೋರಿಸಿದ ಹಾಗೆ. ಮರ್ಲೀನಳಿಗೆ ಇಷ್ಟು ವರ್ಷವೂ ಬಾಯಲ್ಲೇ ಹೇಳಿದ್ದಾನೆ, ಅದೂ ಜೋರಾಗಿ.

ಹೀಗಾಗಿಯೇ ಅವಳು ರಾಯ್ಸ್ ಜೆಂಟ್ರಿಯ ಗಿಟಾರ್ ಅಂಗಡಿಗೆ ಹೋದದ್ದು.

ರಾಯ್ಸ್ ಗೋಡೆಯಿಂದ ಇಳಿಸಿ ಕೊಟ್ಟ ಗಿಟಾರನ್ನು ನೋಡಿದರೆ ಅಯ್ಯೋ ಎನಿಸಬೇಕು. ಬೆಣ್ಣೆ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ವಾರ್ನಿಷ್ ಬಿರುಕು ಬಿಟ್ಟಿತ್ತು. ತಿರುಪುಗಳಿಗೆ ತುಕ್ಕು. ಮುಂಗೈ ಊರುವ ಕಡೆ ಮರ ಕಾಣುವಷ್ಟು ಸವೆತ. ಬೆನ್ನಿನ ನಟ್ಟನಡುವೆ ಬೆಲ್ಟಿನ ಬಕ್ಕಲ್ ಉಜ್ಜಿ ಉಜ್ಜಿ ಅಂಗೈಯಗಲ ಗೀರು.

"ಎಷ್ಟು ಹಳೇದು?" ಎಂದಳು ಮರ್ಲೀನ್.

"ಹೋದ ತಿಂಗಳು ಬಂತು."

"ನಿನಗೆ ಬಂದಿದ್ದಲ್ಲ ಮಾರಾಯ, ಹುಟ್ಟಿದ್ದು ಯಾವಾಗ ಅಂತ."

"ಅದೇ ಹೇಳ್ತಿರೋದು, ಅದರ ಹಿಂದಿನ ತಿಂಗಳು," ಎಂದು ರಾಯ್ಸ್ ಹಲ್ಲು ಕಿರಿದ. "ಫ್ಯಾಕ್ಟರಿಲೇ ಮುದಿ ಮಾಡಿ ಕಳಿಸ್ತಾರೆ. ಫ್ರೀಜರಲ್ಲಿಟ್ಟು ತೆಗೆದು ವಾರ್ನಿಷ್ ಒಡೆಸ್ತಾರೆ, ಕೀಲಿ ಗೊಂಚಲಲ್ಲಿ ಬಾರಿಸ್ತಾರೆ, ಬೆನ್ನಿಗೆ ಬಕ್ಕಲ್ ತಿಕ್ಕೋಕೇ ಒಬ್ಬ ಇದಾನೆ. ಎಲ್ಲಾ ಕೈಕೆಲಸ!"

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ನಮ್ಮ ಊರಿನಲ್ಲಿ ನರಿ ಆ ಬರೆಗೆ ಬೇರೆಯಾಗಿ ದುಡ್ಡು ತೆರಬೇಕು. ಅದೇ ಮಾದರಿಯ ಹೊಸ ಗಿಟಾರಿಗಿಂತ ಇದರ ಬೆಲೆ ಮೂರು ಪಟ್ಟು. ಮರ್ಲೀನ್ ನಕ್ಕು ಅದನ್ನು ವಾಪಸ್ ಕೊಡುವವಳಿದ್ದಳು. ಕೊಡುವ ಮೊದಲು ಸುಮ್ಮನೆ ಎಡಗೈಯಲ್ಲಿ ಅದರ ಕತ್ತು, ತಂತಿ ಒತ್ತುವ ಉದ್ದನೆಯ ಮರ, ಹಿಡಿದಳು.

ಹಿಡಿದವಳು ಬಿಡಲಿಲ್ಲ. ಕೆಂಪು ಗಿಟಾರಿನ ಕತ್ತು ಬೆವರಿಗೆ ಅಂಟುತ್ತಿತ್ತು. ಇದರ ಕತ್ತಿನ ವಾರ್ನಿಷ್ ತಿಕ್ಕಿ ತೆಗೆದಿದ್ದರು, ಅಂಚುಗಳನ್ನು ದುಂಡಗೆ ಸವೆಸಿದ್ದರು. ಹತ್ತೊಂಬತ್ತು ವರ್ಷ ಬಸ್ಸಿನ ಸ್ಟಿಯರಿಂಗ್ ತಿರುವಿದ ಅಂಗೈಗೆ ಅದು ಮನೆಯ ಸೌಟಿನ ಹಿಡಿಯಂತೆ ಕೂತಿತು. ಅವಳು ಒಂದು ಧಾಟಿ ನುಡಿಸಿದಳು, ಇನ್ನೊಂದು ನುಡಿಸಿದಳು, ಮಧ್ಯಾಹ್ನದ ಮಕ್ಕಳ ನೆನಪಾಗಿ ಎದ್ದಳು. ಗಿಟಾರ್ ಜೊತೆಗೇ ಎದ್ದಿತು.

"ಹತ್ತು ದಿನ ಟೈಮಿದೆ," ಎಂದ ರಾಯ್ಸ್. "ಬೇಡ ಅನ್ಸಿದ್ರೆ ವಾಪಸ್ ತಗೋತೀನಿ. ಆದ್ರೆ ಒಂದೂ ಗೀರು ಬಿದ್ದಿರಬಾರದು ನೋಡು."

"ಏನಂದೆ?"

"ಹೊಸಾ ಗೀರು," ಎಂದು ರಾಯ್ಸ್ ಮುಖ ಗಂಭೀರ ಮಾಡಿಕೊಂಡು ತಿದ್ದಿದ. "ನಮ್ಮ ಹತ್ರ ಫೋಟೋ ಇದೆ."

ಮನೆಯಲ್ಲಿ ಡ್ವೇನ್ ಗಿಟಾರನ್ನು ಸುತ್ತು ಹಾಕಿ ನೋಡಿದ. ಎಣ್ಣೆ ಪಂಪುಗಳನ್ನು ರಿಪೇರಿ ಮಾಡುವ ಮನುಷ್ಯ ಅವನು, ತುಕ್ಕು ಕಂಡರೆ ಕೈ ತುರಿಸುತ್ತದೆ. ಬೆಲೆ ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತ.

"ನನಗೆ ಒಂದು ಮಾತು ಹೇಳಿದ್ರೆ ನಿನ್ನ ಕೆಂಪು ಗಿಟಾರ್ ಮೇಲೆ ನನ್ನ ಪಿಕಪ್ ಗಾಡಿ ಹತ್ತಿಸಿ ಕೊಡ್ತಿದ್ನಲ್ಲೇ. ಪುಕ್ಕಟೆ!"

"ಕತ್ತು ಹಿಡಿದು ನೋಡು."

"ಯಾರದ್ದು, ರಾಯ್ಸ್‌ದಾ?"

ಅವನು ಕಾಫಿ ಲೋಟವನ್ನು ಗಿಟಾರಿನ ಹತ್ತಿರ ಇಟ್ಟದ್ದೇ ತಡ, ಮರ್ಲೀನ್ ಕಿರುಚಿದಳು. ಸಾವಿರ ಗೀರು ಇರುವ ಕಡೆ ಇನ್ನೊಂದಕ್ಕೆ ಜಾಗವಿಲ್ಲವೇ ಎಂದು ಅವನು ಕೇಳುತ್ತಿರುವಾಗಲೇ ಗಿಟಾರಿಗೊಂದು ಹಳೆಯ ರಜಾಯಿ ಸುತ್ತಿದಳು. ದುಡ್ಡು ಕೊಟ್ಟು ತಂದ ಗಾಯಗಳಿಗೆ ಗಾಯವಾಗದಂತೆ ಕಾಯುವ ಕರ್ಮ ಅವಳದಾಯಿತು.

ಶನಿವಾರ ಮಧ್ಯಾಹ್ನ ಹಾಲ್ ಖಾಲಿಯಿತ್ತು. ನೆಲ ಒರೆಸಿದ ವಾಸನೆ ಇನ್ನೂ ಆರಿರಲಿಲ್ಲ. ವೇದಿಕೆಯ ಕೆಳಗಿನ ಮೇಜಿನ ಸುತ್ತ ಡಾಯ್ಲ್, ಡ್ರಮ್ಸ್ ಬಾರಿಸುವ ಎಲಾಡಿಯೋ, ಮತ್ತು ಬರೀ ನೋಡಲು ಬಂದ ವೆಂಡಲ್ ಮುದುಕ ಕೂತಿದ್ದರು. ಮರ್ಲೀನ್ ಪೆಟ್ಟಿಗೆ ತೆರೆದಳು. ಯಾರೂ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಎಲಾಡಿಯೋ ಸಿಳ್ಳೆ ಹೊಡೆದ. ವೆಂಡಲ್ ತನ್ನ ಊದಿದ ಬೆರಳಿನಿಂದ ಮುಂಗೈ ಸವೆತವನ್ನು ಸವರಿ, "ಅಬ್ಬಾ, ಇದು ದುಡಿದಿದೆ ಕಣ್ರೋ," ಎಂದ.

"ಎಲ್ಲಿ ಸಿಕ್ತಮ್ಮಾ ಇದು?" ಎಂದು ಎಲಾಡಿಯೋ ಕೇಳಿದ.

ರಾಯ್ಸ್ ಅಂಗಡಿಯಲ್ಲಿ ಎಂದು ಹೇಳುವುದಕ್ಕೇ ಅವಳು ಬಾಯಿ ತೆರೆದದ್ದು. ಆದರೆ ಆ ಮೂವರ ಕಣ್ಣಲ್ಲಿದ್ದ ಮರ್ಯಾದೆಯನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದನ್ನು ಕಳೆದುಕೊಳ್ಳಲು ನಾಲಿಗೆ ಒಪ್ಪಲಿಲ್ಲ.

"ನಮ್ಮ ಕ್ಲೀವ್ ಮಾವಂದು," ಎಂದಳು. "ಈಚೆಗೆ ಸಿಕ್ತು."

ಡಾಯ್ಲ್ ತಲೆಯೆತ್ತಿದ. ಗಿಟಾರನ್ನು ತನ್ನ ಕಡೆಗೆ ಎಳೆದುಕೊಂಡು, ಮಗುಚಿ, ಬೆನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಅವಳ ಕೈಗೆ ಕೊಟ್ಟು ತನ್ನ ಸ್ಟೀಲ್ ಗಿಟಾರಿನ ಮುಂದೆ ಹೋಗಿ ಕೂತ.

"ಜಿ!" ಎಂದು ಶ್ರುತಿಯನ್ನು ಬಾಯಲ್ಲಿ ಹೇಳಿದ.

ಅವಳು ನುಡಿಸಿದಳು. ಚೆನ್ನಾಗಿಯೇ ನುಡಿಸಿದಳು, ಆ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ಸಿದ್ಧ. ಎಲಾಡಿಯೋ ನಡುವೆ ಒಮ್ಮೆ "ಹಾಂ!" ಎಂದು ಕೂಗಿದ್ದೂ ಉಂಟು. ಮೂರು ಹಾಡು ಮುಗಿಯಿತು. ಜಾಗ ಸಿಕ್ಕೇಬಿಟ್ಟಿತು ಎಂದು ಮರ್ಲೀನ್ ಒಳಗೊಳಗೇ ಹಿಗ್ಗುತ್ತಿರುವಾಗ ಡಾಯ್ಲ್ ಎದ್ದು ಬಂದು ಗಿಟಾರಿಗೆ ಕೈ ಚಾಚಿದ. ಮಗುಚಿ, ಬೆನ್ನ ನಡುವಿನ ಗೀರಿನ ಮೇಲೆ ಹೆಬ್ಬೆರಳು ಇಟ್ಟ.

"ಇದೇನು?"

"ಬೆಲ್ಟಿನ ಬಕ್ಕಲ್ ತಾಗಿದ್ದು."

"ಯಾರ ಬೆಲ್ಟು?"

"ಮಾವಂದು."

"ಕ್ಲೀವ್‌ದು." ಡಾಯ್ಲ್ ತಲೆ ಅಲ್ಲಾಡಿಸಿದ. "ಮರ್ಲೀನ್, ನಾನು ಹನ್ನೊಂದು ವರ್ಷ ಅವನ ಬಲಗಡೆ ಕೂತು ನುಡಿಸಿದೀನಿ. ಅವನು ತನ್ನ ಆಯುಸ್ಸಲ್ಲಿ ಒಂದು ದಿನ ಬೆಲ್ಟು ಕಟ್ಟಿದ್ದು ನೋಡಿಲ್ಲ. ಬಾವಿ ಕೆಲಸಕ್ಕೂ ಆ ಭುಜದ ಪಟ್ಟಿಯ ಡಂಗ್ರಿ, ಕುಣಿತಕ್ಕೂ ಡಂಗ್ರಿ, ಮದುವೆಗೂ ಡಂಗ್ರಿ. ಹೂಳಿದ್ದೂ ಅದರಲ್ಲೇ. ಅವನ ಗಿಟಾರ್ ಗೀರಿದ್ದು ಇಲ್ಲಿ." ಬೆನ್ನಿನ ಮೇಲಂಚಿನಲ್ಲಿ, ಒಂದೂ ಗೀರಿಲ್ಲದ ಬಣ್ಣದ ಮೇಲೆ ಅವನು ಬೆರಳು ಬಡಿದ. "ಎದೆ ಪಟ್ಟಿಯ ಹಿತ್ತಾಳೆ ಕೊಂಡಿ ತಾಗಿ ತಾಗಿ, ಎರಡು ಕಡೆ."

ಎಲಾಡಿಯೋ ನೆಲ ನೋಡಿದ. ವೆಂಡಲ್ ಕೆಮ್ಮಿದ.

"ಗಿಟಾರ್ ಸುಳ್ಳು ಹೇಳಿದ್ರೆ ನಾನು ತಲೆ ಕೆಡಿಸ್ಕೊಳ್ಳೋನಲ್ಲ," ಎಂದ ಡಾಯ್ಲ್. ದನಿ ಏರಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮರದ ತುಂಡು, ಅದಕ್ಕೇನು ಗೊತ್ತು? ಆದ್ರೆ ಕತ್ತಲಲ್ಲಿ, ಗಲಾಟೆಲಿ, ಪಕ್ಕದಲ್ಲಿ ನಿಂತೋರನ್ನ ನಂಬಿ ಹಾಡು ಎತ್ತಬೇಕಮ್ಮಾ ನಾವು. ಬರೋ ಶನಿವಾರ ನಾಲ್ಕು ಗಂಟೆಗೆ ಫ್ರೆಸ್ನೋದಿಂದ ಒಬ್ಬ ಗಿಟಾರಿನವನು ಬರ್ತಿದಾನೆ. ನೀನಿನ್ನು ಹೊರಡು."

ಮರ್ಲೀನ್ ಪಾರ್ಕಿಂಗ್ ಜಾಗದಲ್ಲಿ ಪಿಕಪ್ಪಿನೊಳಗೆ ಕೂತು ಅತ್ತಳು. ಜಾಗ ಹೋಯಿತೆಂದು ಅತ್ತದ್ದು ಸ್ವಲ್ಪ. ಹೆಚ್ಚು ಅತ್ತದ್ದು ಆ ಕೊಂಡಿಗಾಗಿ. ಭಾನುವಾರದ ಪಾಠ ಮುಗಿದ ಮೇಲೆ ಮಾವನ ಎದೆಗೆ ಒರಗಿದರೆ ಕೆನ್ನೆಗೆ ತಣ್ಣಗೆ ತಾಗುತ್ತಿದ್ದುದು ಅದೇ ಹಿತ್ತಾಳೆ ಕೊಂಡಿ. ಕೆನ್ನೆಯ ಮೇಲೆ ಅದರ ಅಚ್ಚು ಮೂಡಿ ಅವ್ವ ನಗುತ್ತಿದ್ದಳು. ಅದು ಡಾಯ್ಲ್‌ಗೆ ನೆನಪಿತ್ತು, ತನಗಿರಲಿಲ್ಲ. ಫ್ಯಾಕ್ಟರಿಯ ಯಾವನೋ ಸಂಬಳಕ್ಕೆ ತಿಕ್ಕಿದ ಗೀರಿಗಾಗಿ ತಾನು ಸಾಕ್ಷಾತ್ ಮಾವನಿಗೇ ಬೆಲ್ಟು ಕಟ್ಟಿಬಿಟ್ಟೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಬೆಳಿಗ್ಗೆ ಡ್ವೇನ್ ಏಳುವಷ್ಟರಲ್ಲಿ ಗ್ಯಾರೇಜಿನ ಬಾಗಿಲು ತೆರೆದಿತ್ತು. ಗಿಟಾರಿನ ಕತ್ತು ಒಂದು ಕಡೆ, ಮೈ ಒಂದು ಕಡೆ, ತಿರುಪುಗಳೆಲ್ಲ ಮೊಟ್ಟೆಯ ಡಬ್ಬಿಯಲ್ಲಿ. ಮರ್ಲೀನ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೈಯಲ್ಲಿ ಮರ ಉಜ್ಜುವ ಉಪ್ಪುಕಾಗದ ಹಿಡಿದಿದ್ದಳು.

"ನಿಂತ್ಕೊಳೇ!" ಎಂದು ಡ್ವೇನ್ ಒಳಚಡ್ಡಿಯಲ್ಲೇ ಓಡಿ ಬಂದ. "ರಾಯ್ಸ್ ವಾಪಸ್ ತಗೋತಾನೆ. ಇನ್ನೂ ದಿನ ಇದೆ. ಒಂದು ಸಲ ಉಜ್ಜಿದ್ರೆ ಮುಗೀತು."

"ಅದಕ್ಕೇ ಉಜ್ತಿರೋದು."

"ಆ ಗೀರುಗಳಿಗೇ ಕಣೇ ನೀನು ದುಡ್ಡು ಕೊಟ್ಟಿದ್ದು!"

"ಅಲ್ಲ. ಕತ್ತಿಗೆ ಕೊಟ್ಟಿದ್ದು. ಅದು ಒಳ್ಳೇದು, ಅದು ಇರತ್ತೆ. ಉಳಿದಿದ್ದು ನಂದಲ್ಲ."

"ಕೆಂಪು ಗಿಟಾರ್ ತಗೊಂಡ್ ಹೋಗ್ಬಹುದಲ್ಲ?"

"ಹೋಗಬಹುದು. ಇದೇ ತಗೊಂಡು ಹೋಗ್ತೀನಿ. ಸುಳ್ಳು ಹೇಳಿದ್ದು ಇದನ್ನ ಕೈಲಿ ಹಿಡ್ಕೊಂಡು."

ಮೊದಲು ಬಕ್ಕಲಿನ ಗೀರಿನ ಮೇಲೆಯೇ ಕಾಗದ ಇಟ್ಟಳು. ಬೆಣ್ಣೆ ಬಣ್ಣದ ಪುಡಿ ಹಾರಿತು. ಡ್ವೇನ್ ತಲೆ ಹಿಡಿದುಕೊಂಡು ನೋಡುತ್ತ ನಿಂತಿದ್ದ. ಆಮೇಲೆ, ಪಾಪ, ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದು, ಇನ್ನೊಂದು ಕಾಗದ ತೆಗೆದುಕೊಂಡು ಅಂಚುಗಳನ್ನು ಉಜ್ಜಲು ಕೂತ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅವಳು ಯಾವಾಗ ನಿಲ್ಲುವುದಿಲ್ಲ ಎಂಬುದು ತಿಳಿದಿರುತ್ತದೆ.

ಸಂಜೆಯ ಹೊತ್ತಿಗೆ ಒಳಗಿನ ಮರ ಹೊರಬಂತು. ಒಂದೆರಡು ಪೆಟ್ಟು ಬಿಟ್ಟರೆ ಗಾಯಗಳೆಲ್ಲ ಬಣ್ಣದ ಮಟ್ಟದಲ್ಲಿಯೇ ಇದ್ದವು, ಮರಕ್ಕೆ ಏನೂ ಗೊತ್ತಿರಲಿಲ್ಲ. ಆ ಪೆಟ್ಟುಗಳನ್ನೂ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತಿ ಎಬ್ಬಿಸಿದಳು. ಅಗಸೆ ಎಣ್ಣೆ ಸವರಿ ಮೂರು ದಿನ ಒಣಗಲು ಬಿಟ್ಟಳು. ಕತ್ತನ್ನು ಮತ್ತೆ ಜೋಡಿಸಿದ ಮೇಲೆ ಗಿಟಾರು ಬೋಳು ತಲೆಯ ಕೂಸಿನಂತೆ ಕಂಡಿತು. ಸುದ್ದಿಯನ್ನು ರಾಯ್ಸ್‌ಗೆ ಫೋನಿನಲ್ಲಿ ಹೇಳಿದಳು.

"ನೀನು ಮಾಡಿದ್ದಕ್ಕೆ ಹೆಸರೇ ಇಲ್ಲ ಮರ್ಲೀನ್," ಎಂದ ಅವನು. "ಇನ್ನದು ಯಾವನಿಗೂ ಮಾರೋಕಾಗಲ್ಲ."

"ಮಾರ್ತೀನಿ ಅಂತ ಯಾವನು ಹೇಳಿದ?" ಎಂದು ಫೋನಿಟ್ಟಳು.

ಗುರುವಾರ ಡ್ವೇನ್ ಕೆಲಸಕ್ಕೆ ಹೊರಡುವ ಅವಸರದಲ್ಲಿ ಕಾಫಿ ಫ್ಲಾಸ್ಕನ್ನು ಗಿಟಾರಿನ ಮೇಲೆಯೇ ಬೀಳಿಸಿದ. ಠಕ್ಕೆಂದಿತು. ಅವನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಮರ್ಲೀನ್ ಬಗ್ಗಿ ನೋಡಿದಳು. ಮುಂಗೈ ಊರುವ ಜಾಗದ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ತಗ್ಗು.

"ಸರಿ, ಒಂದಾಯ್ತು," ಎಂದು ಅವನ ಕೈಗೆ ಫ್ಲಾಸ್ಕು ಕೊಟ್ಟು ಕಳಿಸಿದಳು. ರಜಾಯಿ ಆಗಲೇ ಮಂಚದ ಮೇಲೆ ತನ್ನ ಜಾಗಕ್ಕೆ ಹೋಗಿತ್ತು.

ಉಳಿದೆರಡು ದಿನ ನದಿಯ ದಂಡೆಯಲ್ಲಿ ಬಸ್ಸು ನಡುಗುವಂತೆ ನುಡಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಿಗೆ ಈಗ ನೆಲವನ್ನು ಬೈಯಲು ದಾರಿಯಿರಲಿಲ್ಲ, ಕುಣಿಯಲೇಬೇಕಿತ್ತು.

ಶನಿವಾರ ಮೂರು ಗಂಟೆಗೆ ಹಾಲ್‌ನ ಬಾಗಿಲು ತಳ್ಳಿದಳು. ಅದೇ ಮೇಜು, ಅದೇ ಮೂವರು, ನಡುವೆ ಒಂದು ತಟ್ಟೆ ಹುರಿದ ಈರುಳ್ಳಿ ಬಳೆಗಳು. ಡಾಯ್ಲ್ ಅವಳನ್ನು ನೋಡಿ ಗಡಿಯಾರ ನೋಡಿದ.

"ಫ್ರೆಸ್ನೋದವನು ಬರೋದು ನಾಲ್ಕಕ್ಕೆ."

"ಗೊತ್ತು, ಅದಕ್ಕೇ ಮೂರಕ್ಕೆ ಬಂದೆ." ಅವಳು ಕೂರಲಿಲ್ಲ. "ಹೋದ ವಾರ ನಾನು ಸುಳ್ಳು ಹೇಳ್ದೆ. ಅದೂ ಮಾವನ ಹೆಸರಲ್ಲಿ. ನನ್ನನ್ನ ಮಗಳ ಥರ ನೋಡ್ಕೊಂಡಿದ್ದ ಮನುಷ್ಯ. ನಂಗೆ ನಾಚಿಕೆ ಆಗತ್ತೆ. ಅವನು ಬೆಲ್ಟು ಕಟ್ತಿರ್ಲಿಲ್ಲ, ನೀವು ಹೇಳಿದ್ದು ಸರಿ. ಇಷ್ಟೇ. ಈಗ ನುಡಿಸೋಕೆ ಬಂದಿದೀನಿ."

ಪೆಟ್ಟಿಗೆ ತೆರೆದು ಬೋಳು ಗಿಟಾರನ್ನು ತಟ್ಟೆಯ ಪಕ್ಕದಲ್ಲಿ ಮಲಗಿಸಿದಳು. ಎಲಾಡಿಯೋ ಮೊದಲು ಕೈಗೆತ್ತಿಕೊಂಡ. ತಿರುಗಿಸಿದ, ಮಗುಚಿದ, ಪೆದ್ದನಂತೆ ಅವಳ ಮುಖ ನೋಡಿದ. ವೆಂಡಲ್ ಗಿಟಾರಿನ ಕತ್ತು ಹಿಡಿದು, "ಓ, ಅದೇ ಗಿಟಾರು!" ಎಂದು ಉಸಿರೆಳೆದ. "ಅಯ್ಯೋ ಹುಚ್ಚೀ, ಎಲ್ಲಾ ತಿಕ್ಕಿಬಿಟ್ಯಾ?"

ಡಾಯ್ಲ್ ಕೈ ಒರೆಸಿಕೊಂಡು ಗಿಟಾರ್ ತೆಗೆದುಕೊಂಡ. ಬೆನ್ನು ನೋಡಿದ. ಮೇಲಂಚು ನೋಡಿದ. ಮುಂದೆ ತಿರುಗಿಸಿ, ಮುಂಗೈ ಜಾಗದ ಕೆಳಗಿನ ತಗ್ಗಿನ ಮೇಲೆ ಹೆಬ್ಬೆರಳಿಟ್ಟ.

"ಇದೇನು?"

"ನನ್ನ ಗಂಡ ಕಾಫಿ ಫ್ಲಾಸ್ಕು ಬೀಳ್ಸಿದ. ಗುರುವಾರ."

ಎಲಾಡಿಯೋನ ಮೂಗಿನಿಂದ ನಗು ಹಾರಿತು. ಡಾಯ್ಲ್ ನಗಲಿಲ್ಲ.

"ಇನ್ನೇನೂ ಇಲ್ವಲ್ಲಮ್ಮಾ ಇದರಲ್ಲಿ. ಏನಂತ ಓದ್ಲಿ ನಾನು?"

"ಓದೋಕೆ ಏನೂ ಇಲ್ಲ," ಎಂದಳು ಮರ್ಲೀನ್. "ಕೇಳ್ಬೇಕಾಗುತ್ತೆ."

ಅವಳು ವೇದಿಕೆ ಹತ್ತಿದಳು. ಯಾರ ಅಪ್ಪಣೆಗೂ ಕಾಯಲಿಲ್ಲ. ತಂತಿ ಬಿಗಿಮಾಡಿ, ಮಾವ ಮೊದಲ ಭಾನುವಾರ ಕಲಿಸಿದ ಕುಣಿತದ ಧಾಟಿಯನ್ನು ಒಬ್ಬಳೇ ಎತ್ತಿಕೊಂಡಳು. ಹೋದ ವಾರ ಅವಳು ಮೆಚ್ಚಿಸಲು ನುಡಿಸಿದ್ದಳು. ಈ ವಾರ ಮಾವನ ಬಳಿ ತಪ್ಪೊಪ್ಪಿಕೊಳ್ಳಲು ನುಡಿಸಿದಳು, ತಪ್ಪೊಪ್ಪಿಕೊಂಡ ಮೇಲೆ ಖುಷಿಗೆ ನುಡಿಸಿದಳು. ಎರಡನೆಯ ಸುತ್ತಿಗೆ ಎಲಾಡಿಯೋ ಬಾಯಿ ತುಂಬ ಈರುಳ್ಳಿ ಬಳೆ ಇಟ್ಟುಕೊಂಡೇ ಓಡಿಬಂದು ಡ್ರಮ್ಸಿನ ಮುಂದೆ ಕೂತ. ವೆಂಡಲ್‌ನ ಊದಿದ ಬೆರಳುಗಳು ಮೇಜಿನ ಮೇಲೆ ತಂತಿಗಳನ್ನು ಹುಡುಕುತ್ತಿದ್ದವು. ಡಾಯ್ಲ್ ಮಾತ್ರ ಗಿಟಾರ್ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದ.

ಧಾಟಿ ಮುಗಿಯಿತು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು, ಆದರೂ ಬಾಗಿಲಲ್ಲಿ ಯಾರೋ ಆಗಲೇ ನಿಂತಿದ್ದರು. ಕೈಯಲ್ಲಿ ಗಿಟಾರ್ ಪೆಟ್ಟಿಗೆ, ತಲೆಯ ಮೇಲೆ ಹೊಸ ಟೋಪಿ.

"ಡಾಯ್ಲ್ ಅವರು ಅಂದ್ರೆ…? ನಾನು ಫ್ರೆಸ್ನೋದಿಂದ—"

"ಕೂತ್ಕೊಳಪ್ಪಾ," ಎಂದ ಡಾಯ್ಲ್, ಅವನ ಕಡೆ ತಿರುಗದೆ. "ಈರುಳ್ಳಿ ಇದೆ, ತಿನ್ನು."

ಮಂಡಿಗೆ ಕೈಯೂರಿ ಎದ್ದ. ಒಂದೊಂದೇ ಮೆಟ್ಟಿಲು ಹತ್ತಿ ಸ್ಟೀಲ್ ಗಿಟಾರಿನ ಹಿಂದೆ ಕೂತ, ಪೆಡಲ್‌ಗಳ ಮೇಲೆ ಕಾಲಿಟ್ಟ, ಗಂಟಲು ಸರಿಮಾಡಿಕೊಂಡ. ಮರ್ಲೀನ್ ಅವನ ಬಾಯಿಯನ್ನೇ ನೋಡುತ್ತಿದ್ದಳು, ಶ್ರುತಿ ಹೇಳಲಿ ಎಂದು. ಬಾಯಿ ತೆರೆಯಲಿಲ್ಲ.

ಅವಳ ಕಡೆ ಮುಖ ಕೂಡ ತಿರುಗಿಸದೆ ಡಾಯ್ಲ್ ಎಡಗೈ ಎತ್ತಿ ಮೂರು ಬೆರಳು ತೋರಿಸಿದ, ಮೇಲಕ್ಕೆ.